ದುಡ್ಡು ಕಮ್ಮಿ, ಗಾಡಿ ಹಳೇದು: ಯಾವ ರಿಪೇರಿ ಮೊದಲು?

ಹದಿನೈದು ವರ್ಷದ ಪೆಟ್ರೋಲ್ ಕಾರನ್ನು ಬೆಳಿಗ್ಗೆ ಗ್ಯಾರೇಜಿಗೆ ಬಿಟ್ಟರೆ ಸಂಜೆ ಕೈಗೆ ಸಿಗೋದು ಒಂದು ಪಟ್ಟಿ. ಆಯಿಲ್ ಜಿನುಗ್ತಿದೆ, ಸೈಲೆನ್ಸರ್ ತೂತಾಗಿದೆ, ಪ್ಲಗ್ ಹೋಗಿದೆ, ಚೆಕ್ ಎಂಜಿನ್ ಲೈಟ್ ಉರೀತಿದೆ. ಒಟ್ಟು ಮೊತ್ತ 25 ಸಾವಿರ, ಜೇಬಲ್ಲಿರೋದು 8 ಸಾವಿರ ಅಂದುಕೊಳ್ಳಿ. ‘ಇಷ್ಟು ಸುರಿಯೋ ಬದಲು ಹೊಸದು ತಗೋಬಾರ್ದಾ?’ ಎಂಬ ಸಲಹೆ ಪುಕ್ಕಟೆ ಸಿಗುತ್ತೆ. ಇಎಂಐಗೆ ದುಡ್ಡು ಮಾತ್ರ ಯಾರೂ ಕೊಡಲ್ಲ.

ಎಂಜಿನಿಯರಿಂಗ್ ಓದಿದ ತಪ್ಪಿಗೆ ಇಂಥ ಪಟ್ಟಿಗಳ ಫೋಟೋ ನನ್ನ ಫೋನಿಗೆ ಬರುತ್ತಲೇ ಇರುತ್ತವೆ. ಬ್ರೇಕು, ಟೈರು, ಸ್ಟೀರಿಂಗ್ ಸರಿಯಿವೆ ಎಂದಾದ ಮೇಲೆ ನಾನು ಕೇಳೋದು ಎರಡೇ ಪ್ರಶ್ನೆ. ಇದನ್ನು ಹಾಗೇ ಬಿಟ್ಟರೆ ಜೀವಕ್ಕೆ ಅಪಾಯವಿದೆಯಾ? ಮೂರು ತಿಂಗಳು ಬಿಟ್ಟರೆ ಬಿಲ್ಲು ಬೆಳೆಯುತ್ತಾ?

ಮೊದಲ ಪ್ರಶ್ನೆಗೆ ‘ಹೌದು’ ಅನ್ನಿಸುವವು ಎರಡು. ಒಂದು ಪೆಟ್ರೋಲ್ ಸೋರಿಕೆ. ಇನ್ನೊಂದು, ಎಂಜಿನ್‌ನಿಂದ ಹಿಂದಕ್ಕೆ ಹೋಗುವ ಹೊಗೆ ಪೈಪು ಸೀಟುಗಳ ಕೆಳಗೆ ತೂತಾಗಿರುವುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿದಾಗ ಅದು ಒಳಗೆ ಸೇರಿದರೆ ತಲೆನೋವು, ಮಂಪರಿನಿಂದ ಶುರುವಾಗಿ ಪ್ರಾಣಕ್ಕೇ ಬರಬಹುದು. ಪೈಪು ಪೂರ್ತಿ ತುಕ್ಕು ಹಿಡಿದಿಲ್ಲವಾದರೆ ಹೊಸದು ಬೇಕಿಲ್ಲ, ವೆಲ್ಡಿಂಗ್ ಸಾಕು.

ಎರಡನೇ ಪ್ರಶ್ನೆಗೆ ಉತ್ತರಿಸೋದು ಕೂಲೆಂಟ್, ಆಯಿಲ್ ಮತ್ತು ಟೈಮಿಂಗ್ ಬೆಲ್ಟ್. ರೇಡಿಯೇಟರ್ ಹೋಸ್ ಚಿಕ್ಕ ಖರ್ಚು. ಅದು ಒಡೆದು ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟರೆ ದೊಡ್ಡ ಖರ್ಚು. ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ವಾಲ್ವ್ ಬಾಗುತ್ತವೆ. ನಿಮ್ಮ ಗಾಡಿಯಲ್ಲಿರೋದು ಬೆಲ್ಟೋ ಚೈನೋ ಅಂತ ಇವತ್ತೇ ಕೇಳಿಕೊಳ್ಳಿ.

ಮೂರನೆಯದು ಮಿಸ್‌ಫೈರ್. ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟರೆ ಉರಿಯದ ಪೆಟ್ರೋಲ್ ಹೊಗೆ ಪೈಪಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಜೇನುಗೂಡಿನಂಥ ಅದರ ಒಳಭಾಗ ಕರಗಬಹುದು. ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಲೋಹಗಳಿರುವುದರಿಂದಲೇ ಆ ಬೆಲೆ. ಪ್ಲಗ್ಗಿಗೆ ಹಿಂದೆಮುಂದೆ ನೋಡಿದವರು ಕನ್ವರ್ಟರ್ ಬಿಲ್ ಕಟ್ಟಬೇಕಾಗುತ್ತೆ.

ಚೆಕ್ ಎಂಜಿನ್ ಲೈಟ್ ನೋಡಿ ಆಕ್ಸಿಜನ್ ಸೆನ್ಸರ್ ಬದಲಾಯಿಸುವ ಮುನ್ನ ಸ್ವಲ್ಪ ನಿಲ್ಲಿ. ಸ್ಕ್ಯಾನರ್ ತೋರಿಸುವ ಕೋಡ್ ದೂರು ಕೊಟ್ಟದ್ದು ಯಾರು ಎನ್ನುತ್ತದೆ, ತಪ್ಪು ಯಾರದು ಎನ್ನುವುದಿಲ್ಲ. ಸೆನ್ಸರ್‌ಗಿಂತ ಮುಂಚೆ ಪೈಪಿನಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತೆ. ಪೆಟ್ರೋಲ್ ಸಾಲದು ಎಂದು ತಿಳಿಯುವ ಕಂಪ್ಯೂಟರ್ ಇನ್ನಷ್ಟು ಸುರಿಯುತ್ತೆ, ಮೈಲೇಜ್ ಬೀಳುತ್ತೆ. ಅಲ್ಲಿ ಬೇಕಿರೋದು ಹೊಸ ಸೆನ್ಸರ್ ಅಲ್ಲ, ಬಿರುಕಿಗೆ ಬೆಸುಗೆ.

ಹಾಗಾದರೆ ಕಾಯಬಹುದಾದದ್ದು ಯಾವುದು? ನಿಧಾನವಾಗಿ ಜಿನುಗುವ ಆಯಿಲ್ (ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ತುಂಬಿಸುತ್ತಿದ್ದರೆ), ಹಿಂದಿನ ಸೈಲೆನ್ಸರ್ ಡಬ್ಬದ ಮೇಲಿನ ತುಕ್ಕು. ‘ಕನ್ವರ್ಟರ್ ಕಿತ್ತು ಖಾಲಿ ಪೈಪ್ ಹಾಕ್ಕೊಡ್ತೀನಿ ಸಾರ್, ಅಗ್ಗ ಆಗುತ್ತೆ’ ಎಂದರೆ ಮಾತ್ರ ಬೇಡ ಅನ್ನಿ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ 0.3%. ಕನ್ವರ್ಟರ್ ಇಲ್ಲದೆ ಅದನ್ನು ಮುಟ್ಟೋದು ಕಷ್ಟ. ಉಳಿಸಿದ ದುಡ್ಡಿನ ಬೆಲೆಯನ್ನು ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ನಿಂತ ಬೈಕ್ ಸವಾರರ ಶ್ವಾಸಕೋಶ ಕಟ್ಟುತ್ತದೆ.

ಇಷ್ಟು ನಮ್ಮ ಕೈಯಲ್ಲಿರುವ ಲೆಕ್ಕ. ಸರ್ಕಾರದ ಲೆಕ್ಕ ಬೇರೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೊಗೆ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ ಕಲಂ 190(2)ರಡಿ 10,000 ರೂಪಾಯಿವರೆಗೆ ದಂಡ ಹಾಕಬಹುದು. ಗುಜರಿಗೆ ಕೊಟ್ಟವರಿಗೆ 25%ವರೆಗಿನ ತೆರಿಗೆ ರಿಯಾಯಿತಿಯೂ ಇದೆ, ಆದರೆ ಅದು ಹೊಸ ಗಾಡಿಯ ನೋಂದಣಿಗೆ.

ಗಾಳಿ ಶುದ್ಧವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸದು ಕೊಳ್ಳುವವರಿಗೆ ರಿಯಾಯಿತಿ, ಹಳೇದನ್ನು ಓಡಿಸಲೇಬೇಕಾದವರಿಗೆ ಶುಲ್ಕ ಮತ್ತು ದಂಡ ಎಂಬ ವ್ಯವಸ್ಥೆಯಲ್ಲಿ ಹೊಗೆ ಕಡಿಮೆಯಾಗೋದು ನಿಧಾನ. ಪ್ಲಗ್ ಬದಲಾವಣೆಗೆ, ಪೈಪಿನ ಬೆಸುಗೆಗೆ ಒಂದಿಷ್ಟು ನೆರವು ಕೊಟ್ಟರೆ ಗಾಳಿಗೂ ಲಾಭ, ಗಾಡಿ ನಂಬಿ ಬದುಕುವವರಿಗೂ ಲಾಭ. ಸಾರಿಗೆ ಸಚಿವರಿಗೆ ಟ್ಯಾಗ್ ಮಾಡಿ ಕೇಳಬೇಕಾದ ಪ್ರಶ್ನೆ ಇದು.