ಕನ್ನಡಿಯೊಳಗಿನ ಕಾರು

ಕಣ್ಣಿಗೆ ಕಂಡರೂ ಕೈಗೆ ಸಿಗದ್ದನ್ನು ನಮ್ಮ ಹಿರಿಯರು ‘ಕನ್ನಡಿಯೊಳಗಿನ ಗಂಟು’ ಎನ್ನುತ್ತಿದ್ದರು. ಆದರೆ ಕನ್ನಡಿಯಲ್ಲಿ ದೂರ ಕಂಡದ್ದು ಮರುಕ್ಷಣವೇ ಮೈಮೇಲೆ ಬರಬಹುದೆಂದು ನನಗೆ ತಿಳಿದದ್ದು ಅಮೆರಿಕಕ್ಕೆ ಬಂದ ಹೊಸತರಲ್ಲಿ.

1996ರ ಒಂದು ಶನಿವಾರ. ಏಳು ತಿಂಗಳ ಬಸುರಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಯಲ್ಲಿ ಹೊರಟಿದ್ದೆ. ನಮ್ಮ ಎಕ್ಸಿಟ್ ಹತ್ತಿರವಾಯಿತು. ಬಲಗಡೆಯ ಕನ್ನಡಿ ನೋಡಿದೆ. ಒಂದು ಪುಟ್ಟ ಕಾರು ಎಲ್ಲೋ ದೂರದಲ್ಲಿತ್ತು. ಸಿಗ್ನಲ್ ಹಾಕಿ ಸ್ಟೀರಿಂಗ್ ತಿರುಗಿಸಿದ್ದೇ ತಡ, ಉದ್ದನೆಯ ಹಾರ್ನ್! ಹೆಂಡತಿ ಚೀರಿದಳು. ಹೇಗೋ ಹಿಂದಕ್ಕೆಳೆದುಕೊಂಡೆ. ಆ ಕಾರು ಅವಳ ಬಾಗಿಲಿನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದಾಗ ನನ್ನ ಕೈ ನಡುಗುತ್ತಿತ್ತು. ಆಗ ಆ ಕನ್ನಡಿಯ ಕೆಳಗಿದ್ದ ಸಾಲು ಕಣ್ಣಿಗೆ ಬಿತ್ತು: ಕನ್ನಡಿಯಲ್ಲಿನ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ. ದಿನವೂ ಓದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಅದು ಪೀನ ದರ್ಪಣ, ಅಂದರೆ ಹೊರಕ್ಕೆ ಉಬ್ಬಿದ ಕನ್ನಡಿ. ಪಿಯುಸಿಯಲ್ಲಿ ಇದರ ಚಿತ್ರ ಬರೆದು ಅಂಕ ಗಿಟ್ಟಿಸಿದವನೇ ನಾನು! ಉಬ್ಬಿದ್ದರಿಂದ ಅದು ಹೆಚ್ಚು ಅಗಲದ ದೃಶ್ಯ ತೋರಿಸುತ್ತದೆ. ಆದರೆ ಅಷ್ಟನ್ನೂ ಅಂಗೈಯಗಲದ ಜಾಗದಲ್ಲಿ ತುರುಕಬೇಕಲ್ಲ, ಬಿಂಬ ಕುಗ್ಗುತ್ತದೆ. ಒಂದು ಸಣ್ಣ ಲೆಕ್ಕ ನೋಡಿ. ಕನ್ನಡಿಯ ವಕ್ರತಾ ತ್ರಿಜ್ಯ 1.4 ಮೀಟರ್, ನಮ್ಮ ಕಣ್ಣಿನಿಂದ ಅದಕ್ಕೆ 1.2 ಮೀಟರ್ ಎಂದಿಟ್ಟುಕೊಳ್ಳೋಣ. ಕನ್ನಡಿಯಿಂದ 20 ಮೀಟರ್ ಹಿಂದಿರುವ ಕಾರು ಅದರಲ್ಲಿ ಸುಮಾರು 55 ಮೀಟರ್ ದೂರದ ಕಾರಿನಷ್ಟು ಚಿಕ್ಕದಾಗಿ ಕಾಣುತ್ತದೆ. ಚಿಕ್ಕದು ಎಂದರೆ ದೂರದ್ದು ಎಂದು ನಮ್ಮ ಮಿದುಳು ತೀರ್ಪು ಕೊಟ್ಟುಬಿಡುತ್ತದೆ. ತಪ್ಪು ಕನ್ನಡಿಯದಲ್ಲ, ಓದಿದ ನಮ್ಮದು. ಅದಕ್ಕೇ ಅಮೆರಿಕದ ನಿಯಮದಂತೆ ಚಾಲಕನ ಬದಿಯ ಕನ್ನಡಿ ಸಮತಲವಾಗಿರಬೇಕು. ಆಚೆ ಬದಿಯದು ಪೀನವಾಗಿದ್ದರೆ ಆ ಎಚ್ಚರಿಕೆಯ ಸಾಲು ಕಡ್ಡಾಯ.

ಹಾಗೆಂದು ಡೊಂಕು ಕನ್ನಡಿಯೆಲ್ಲ ಕೆಟ್ಟದ್ದೇನಲ್ಲ. ನಾನು ಎಂಬಿಬಿಎಸ್ ಓದುವಾಗ ಇಎನ್‌ಟಿ ಗುರುಗಳು ಹಣೆಗೆ ಕಟ್ಟಿಕೊಳ್ಳುತ್ತಿದ್ದುದು ನಿಮ್ನ ದರ್ಪಣ, ಅಂದರೆ ಒಳಕ್ಕೆ ಬಾಗಿದ ಕನ್ನಡಿ. ರೋಗಿಯ ಹೆಗಲ ಹಿಂದಿನ ದೀಪದ ಬೆಳಕನ್ನು ಅದು ಒಟ್ಟುಗೂಡಿಸಿ ಗಂಟಲೊಳಗೆ ಬಿಡುತ್ತಿತ್ತು. ನಡುವಿನ ತೂತಿನಿಂದ ಅವರು ನೋಡುತ್ತಿದ್ದರು.

ಇನ್ನು 1990ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕದ ಕಥೆ ಕೇಳಿ. 2.4 ಮೀಟರ್ ಅಗಲದ ಅದರ ಕನ್ನಡಿಯನ್ನು ಅತ್ಯಂತ ನಯವಾಗಿ ಉಜ್ಜಿದ್ದರು, ಆದರೆ ತಪ್ಪು ಆಕಾರಕ್ಕೆ! ಪರೀಕ್ಷಿಸುವ ಉಪಕರಣದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆಯಾಗಿತ್ತು. ಪರಿಣಾಮವಾಗಿ ಕನ್ನಡಿಯ ಅಂಚು ಬೇಕಾದ್ದಕ್ಕಿಂತ ಸುಮಾರು 2 ಮೈಕ್ರಾನ್ ಚಪ್ಪಟೆಯಾಯಿತು. ಕೂದಲೆಳೆಯ ಐವತ್ತನೇ ಒಂದು ಭಾಗ ಅಷ್ಟೆ. ಅಷ್ಟಕ್ಕೇ ನಕ್ಷತ್ರಗಳು ಮಸುಕಾದವು. ಆದರೆ ಡೊಂಕು ಎಷ್ಟೆಂದು ಕರಾರುವಾಕ್ಕಾಗಿ ಗೊತ್ತಾದ್ದರಿಂದ, ಅದನ್ನು ಸರಿದೂಗಿಸುವ ‘ಕನ್ನಡಕ’ವನ್ನು ಮಾಡಲು ಸಾಧ್ಯವಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದನ್ನು ತೊಡಿಸಿ ಬಂದರು. ಹಬಲ್‌ಗೆ ದೃಷ್ಟಿ ಬಂತು.

ವೈದ್ಯನಾಗಿ ನಾನು ಕಲಿತದ್ದೂ ಇದೇ. ಎಲ್ಲ ಉಪಕರಣಗಳಿಗೂ ತಮ್ಮದೇ ಮಿತಿಯಿದೆ. ಆ ಮಿತಿ ಗೊತ್ತಿದ್ದರೆ ಅದು ನೆರವು, ಗೊತ್ತಿಲ್ಲದಿದ್ದರೆ ಅಪಾಯ.

ಅಂದು ಹೊಟ್ಟೆಯೊಳಗಿದ್ದ ಮಗಳಿಗೆ ನಾನೇ ಡ್ರೈವಿಂಗ್ ಕಲಿಸಿದೆ. ಮೊದಲ ದಿನ ಕಾರು ಹೊರಡಿಸದೆ, ಅವಳನ್ನು ಸೀಟಿನಲ್ಲಿ ಕೂರಿಸಿ, ನಾನು ಹಿಂದೆ ಬಲಬದಿಯಲ್ಲಿ ಹತ್ತು ಹೆಜ್ಜೆ ದೂರ ನಿಂತೆ. “ಕನ್ನಡಿಯಲ್ಲಿ ನೋಡು, ಆಮೇಲೆ ಕತ್ತು ತಿರುಗಿಸಿ ನೋಡು” ಎಂದೆ. “ಅಪ್ಪಾ, ಇಷ್ಟು ಹತ್ತಿರ ಇದ್ದೀರಾ!” ಎಂದಳು. ಪಾಠ ಮುಗಿದಿತ್ತು.

ಹಬ್ಬದೂಟ ಮುಗಿಸಿ ಇಂದು ರಾತ್ರಿ ಮನೆಗೆ ಹೊರಡುವ ಮಿತ್ರರೇ, ಹೊಸ ಕಾರುಗಳಲ್ಲಿ ಕ್ಯಾಮೆರಾ ಇದೆ, ಎಚ್ಚರಿಸುವ ದೀಪವೂ ಇರಬಹುದು. ಆದರೂ ಲೇನ್ ಬದಲಿಸುವ ಮುನ್ನ ಒಮ್ಮೆ ಕತ್ತು ತಿರುಗಿಸಿ ನೋಡಿ. ಕ್ಷೇಮವಾಗಿ ಮನೆ ಸೇರಿ.