ಬರಿದಾದ ಒಡಲಿಗೆ ಕಾವಲು ಯಾರು?

ದೆವ್ವ ಉಂಟೆ, ಇಲ್ಲವೆ ಎಂಬ ವಾದವನ್ನು ನಾನು ಇಲ್ಲಿ ಎತ್ತುವವನಲ್ಲ. ಉಂಟೆನ್ನುವವರೂ ಇಲ್ಲವೆನ್ನುವವರೂ ದೆವ್ವದ ಸಿನಿಮಾಕ್ಕೆ ಒಂದೇ ಸಾಲಿನಲ್ಲಿ ನಿಂತು ಟಿಕೀಟು ಕೊಳ್ಳುತ್ತಾರೆ. ಒಳಗೆ ದೀಪ ಆರಿದ ಮೇಲೆ ಇಬ್ಬರೂ ಒಂದೇ ಕ್ಷಣದಲ್ಲಿ ಕುರ್ಚಿಯ ಕೈಯನ್ನು ಬಿಗಿಹಿಡಿಯುತ್ತಾರೆ. ಆದುದರಿಂದ ಆ ಜಗಳ ಹಾಗಿರಲಿ. ದೆವ್ವದ ಚಿತ್ರಗಳಲ್ಲಿಯೇ ಒಂದು ವಿಶೇಷ ಜಾತಿಯದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಜೀವವು ಮೈಯನ್ನು ಬಿಟ್ಟು ಹೊರಗೆ ಅಲೆಯುವ ಕಥೆಗಳ ಜಾತಿ ಅದು.

ಈಚೆಗೆ ರಜೆಯ ದಿನಗಳಲ್ಲಿ ನಮ್ಮ ಮನೆಯ ಹುಡುಗರು 'ಇನ್ಸಿಡಿಯಸ್' ಎಂಬ ಇಂಗ್ಲಿಷ್ ಚಿತ್ರವನ್ನು ಹಾಕಿಕೊಂಡು ಕುಳಿತಿದ್ದರು. ೨೦೧೦ರಲ್ಲಿ ತಯಾರಾದ ಚಿತ್ರ. "ನಿಮಗೆ ಹೆದರಿಕೆಯಾದೀತು, ಒಳಗೆ ಹೋಗಿ" ಎಂದು ನನಗೇ ಬುದ್ಧಿ ಹೇಳಿದರು. ನಾನು ಹೋಗಲಿಲ್ಲ. ಕಥೆ ಸರಳವಾದದ್ದು. ಗಂಡ, ಹೆಂಡತಿ, ಮೂವರು ಮಕ್ಕಳ ಒಂದು ಸಂಸಾರ. ಹಿರಿಯ ಹುಡುಗ ಒಂದು ರಾತ್ರಿ ಮಲಗಿದವನು ಬೆಳಗ್ಗೆ ಏಳುವುದಿಲ್ಲ. ಉಸಿರಾಡುತ್ತಾನೆ, ನಾಡಿ ಆಡುತ್ತದೆ, ಆದರೆ ಎಚ್ಚರವಿಲ್ಲ. ವೈದ್ಯರಿಗೆ ಕಾರಣ ತಿಳಿಯುವುದಿಲ್ಲ. ಮನೆಯಲ್ಲಿ ಭೂತಚೇಷ್ಟೆ ಮೊದಲಾಗುತ್ತದೆ, ಮನೆ ಬದಲಾಯಿಸುತ್ತಾರೆ, ಚೇಷ್ಟೆ ಅಲ್ಲಿಗೂ ಹಿಂಬಾಲಿಸುತ್ತದೆ. ಕೊನೆಗೆ ಬಂದ ಒಬ್ಬ ಹಿರಿಯ ಹೆಂಗಸು ಹೇಳುತ್ತಾಳೆ: ಕೆಟ್ಟಿರುವುದು ಮನೆಯಲ್ಲ, ಮಗು. ನಿದ್ದೆಯಲ್ಲಿ ಮೈ ಬಿಟ್ಟು ಅಲೆಯುವ ಶಕ್ತಿ ಅವನಿಗೆ ಹುಟ್ಟಿನಿಂದ ಇದೆ. ಈ ಸಲ ಬಹಳ ದೂರ ಹೋಗಿ ದಾರಿ ತಪ್ಪಿದ್ದಾನೆ. ಬರಿದಾಗಿ ಬಿದ್ದ ಆ ಒಡಲಿನೊಳಗೆ ಹೊಗಲು ಪ್ರೇತಗಳು ಸುತ್ತಲೂ ಕಾದು ನಿಂತಿವೆ!

ಇಲ್ಲಿಗೆ ಬಂದಾಗ ನಾನು ಹುಡುಗರಿಗಿಂತ ಮುಂಚೆ ಬೆಚ್ಚಿದೆನೆಂದು ಒಪ್ಪಿಕೊಳ್ಳುತ್ತೇನೆ. ಅದರ ಕಾರಣವನ್ನು ಮುಂದೆ ಹೇಳುವೆ.

ಈ ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು ೧೫ ಲಕ್ಷ ಡಾಲರುಗಳು. ನಮ್ಮ ಕಿವಿಗೆ ಅದು ದೊಡ್ಡ ಮೊತ್ತವೇ ಸರಿ. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಗಳಿಸಿದ್ದು ಮಾತ್ರ ಹತ್ತು ಕೋಟಿ ಡಾಲರಿನ ಆಸುಪಾಸು. ಕಥೆ ಬರೆದ ಲೀ ವಾನೆಲ್ ತಾನೇ ಒಂದು ಪಾತ್ರ ವಹಿಸಿದರೆ, ಸಂಗೀತ ಕೂಡಿಸಿದ ಜೋಸೆಫ್ ಬಿಶಾರಾ ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು ತಾನೇ ಪಿಶಾಚಿಯಾದ. ನಿರ್ದೇಶಕ ಜೇಮ್ಸ್ ವಾನ್ ಹುಟ್ಟಿದ್ದು ಮಲೇಶಿಯದ ಕುಚಿಂಗ್ ಪಟ್ಟಣದ ಚೀನೀ ಮನೆತನದಲ್ಲಿ, ಬೆಳೆದದ್ದು ಆಸ್ಟ್ರೇಲಿಯದಲ್ಲಿ. ಅವನೂ ನಮ್ಮ ಮಕ್ಕಳಂತೆ ಊರು ಬಿಟ್ಟು ಬಂದ ಮನೆಯವನೇ.

ಒಬ್ಬನೇ ಎರಡು ಕೆಲಸ ಮಾಡುವ ಈ ಗೃಹಕೈಗಾರಿಕೆ ಮುಂಬಯಿಗೆ ಹೊಸತಲ್ಲ. ದೇಶವಿಭಜನೆಯ ಕಾಲದಲ್ಲಿ ಕರಾಚಿಯನ್ನು ಬಿಟ್ಟು ಈ ಊರಿಗೆ ಬಂದ ರಾಮ್‌ಸಿಂಘಾನಿ ಎಂಬ ಸಿಂಧೀ ಮನೆತನವೊಂದಿತ್ತು. ಅವರು ರೇಡಿಯೋ ವ್ಯಾಪಾರದವರು. ಅಂಗಡಿಗೆ ಬರುತ್ತಿದ್ದ ಬಿಳಿಯರ ನಾಲಗೆಗೆ ಆ ಹೆಸರು ಹೊರಳದೆ ಅದು 'ರಾಮ್ಸೇ' ಎಂದಾಯಿತಂತೆ. ಆ ಮನೆಯ ಏಳು ಮಂದಿ ಅಣ್ಣತಮ್ಮಂದಿರು ಕಥೆ, ಛಾಯಾಗ್ರಹಣ, ಧ್ವನಿ, ಸಂಕಲನ, ನಿರ್ದೇಶನಗಳನ್ನು ಮನೆಯ ಆಸ್ತಿಯಂತೆ ಪಾಲು ಹಾಕಿಕೊಂಡರು. ೧೯೭೨ರಲ್ಲಿ ಮಹಾಬಳೇಶ್ವರದ ಮಂಜಿನಲ್ಲಿ ಚಿತ್ರೀಕರಿಸಿ 'ದೋ ಗಜ್ ಜಮೀನ್ ಕೆ ನೀಚೆ' ಎಂಬ ಚಿತ್ರವನ್ನು ಹೊರತಂದರು. ೧೯೮೪ರ 'ಪುರಾನಾ ಮಂದಿರ್' ಅವರಿಗೆ ದೊಡ್ಡ ಗಳಿಕೆಯನ್ನು ತಂದಿತು. ಪಂಡಿತರು ಮೂಗು ಮುರಿದರು, ಜನ ಮುಗಿಬಿದ್ದರು. ಆದರೆ ಅವರ ಭೂತಗಳು ಹೆಚ್ಚಾಗಿ ಹೊರಗಿನಿಂದ ಬರುವಂಥವು: ಮಣ್ಣು ಸರಿಸಿ ಏಳುವುದು, ಹಾಳುಮನೆಯ ಬಾಗಿಲು ತೆರೆಯುವುದು. ಅದಕ್ಕೆ ಮುಖವಾಡ ಬೇಕು, ಹೊಗೆ ಬೇಕು, ಅಷ್ಟಿಷ್ಟು ಹಣವೂ ಬೇಕು.

ಮೈ ಬಿಟ್ಟು ಹೋಗುವ ಕಥೆಗೆ ಅದಾವುದೂ ಬೇಡ. ಮಂಚ ಅದೇ, ಮಲಗಿದವನೂ ಅವನೇ. ಎದ್ದು ಕುಳಿತಾಗ ಮಾತ್ರ ಅವನಲ್ಲ. ಮುಖವಾಡದ ವೆಚ್ಚವನ್ನು ಇಲ್ಲಿ ನಟನೊಬ್ಬನೇ ತುಂಬಿಕೊಡಬೇಕು.

ಅಂಥ ನಟನೊಬ್ಬನನ್ನು ಕನ್ನಡಕ್ಕೆ ಕೊಟ್ಟ ಊರು ಈ ನಮ್ಮ ಮುಂಬಯಿ. ೧೯೭೯ರ 'ನಾ ನಿನ್ನ ಬಿಡಲಾರೆ' ನಿಮ್ಮಲ್ಲಿ ಹಿರಿಯರಿಗೆ ನೆನಪಿರಲೇಬೇಕು. ನಿರ್ದೇಶನ ವಿಜಯ್ ಅವರದು; ಸಂಗೀತ ರಾಜನ್-ನಾಗೇಂದ್ರರದು; ದಂಪತಿಗಳಾಗಿ ಅನಂತನಾಗ್ ಮತ್ತು ಲಕ್ಷ್ಮಿ. ಸೇಡಿನ ಹೆಣ್ಣು ಪ್ರೇತವೊಂದು ಗಂಡನ ಒಡಲನ್ನು ಹೊಗುತ್ತದೆ. ಹೆಂಡತಿ ರಾಘವೇಂದ್ರ ಸ್ವಾಮಿಗಳ ಮೇಲೆ ಭಾರ ಹಾಕಿ, ಗಂಡನನ್ನು ಬಿಟ್ಟುಕೊಡದೆ ಹೋರಾಡುತ್ತಾಳೆ. ೧೯೮೧ರಲ್ಲಿ ಇದೇ ಕಥೆ 'ಮಂಗಲಸೂತ್ರ' ಎಂದು ಹಿಂದಿಗೆ ಬಂದಾಗಲೂ ಗಂಡನ ಪಾತ್ರಕ್ಕೆ ಅನಂತನಾಗರೇ ಬೇಕಾದರು, ಹೆಂಡತಿಯಾದವರು ರೇಖಾ.

ಅನಂತನಾಗರ ಬಾಲ್ಯ ಕಾಞಂಗಾಡಿನ ಆನಂದಾಶ್ರಮದಲ್ಲಿ, ಶಿರಾಲಿಯ ಚಿತ್ರಾಪುರ ಮಠದ ನೆರಳಿನಲ್ಲಿ ಕಳೆಯಿತು. ಅಲ್ಲಿಂದ ಓದಿಗೆಂದು ಮುಂಬಯಿಗೆ ಬಂದ ಹುಡುಗ ಇಲ್ಲಿಯ ರಂಗಭೂಮಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಹಿಂದಿ ನಾಟಕಗಳನ್ನಾಡಿ ಪಳಗಿದರು. ರಂಗದ ಮೇಲೆ ಕ್ಯಾಮರಾದ ಕೈಚಳಕವಿಲ್ಲ. ನಟನ ಕಣ್ಣು, ಕತ್ತು, ದನಿ ಇಷ್ಟರಿಂದಲೇ ಬೇರೊಬ್ಬನಾಗಬೇಕು. ಆ ಪಾಠ ಈ ಚಿತ್ರದಲ್ಲಿ ಒದಗಿತೆಂದು ನನ್ನ ಎಣಿಕೆ. ೨೦೨೫ರಲ್ಲಿ ಅವರಿಗೆ ಪದ್ಮಭೂಷಣ ಬಂದ ದಿನ ನಾನು ನೆನೆದುಕೊಂಡದ್ದು ಈ ಚಿತ್ರದ ಆ ನೋಟವನ್ನೇ.

ಶೀರ್ಷಿಕೆಯ ಸ್ವಾರಸ್ಯವನ್ನೂ ನೋಡಿ. 'ನಾ ನಿನ್ನ ಬಿಡಲಾರೆ' ಎಂಬುದು ಯಾರ ಮಾತು? ಪ್ರೇತವೂ ಹಾಗೆ ಹೇಳಬಹುದು, ಹೆಂಡತಿಯೂ ಹಾಗೆಯೇ ಹೇಳಬಹುದು. ಒಂದೇ ಒಡಲಿಗೆ ಇಬ್ಬರ ಪಟ್ಟು. ಯಾರ ಹಿಡಿತ ಗಟ್ಟಿ ಎಂಬುದೇ ಕಥೆ.

ಈ ಕಲ್ಪನೆ ಸಿನಿಮಾಕ್ಕಿಂತ ಬಹಳ ಹಳೆಯದು. ಶಂಕರಾಚಾರ್ಯರ ಪರಕಾಯಪ್ರವೇಶದ ಕಥೆಯನ್ನು ಹರಿಕಥೆಗಳಲ್ಲಿ ಕೇಳದವರಾರು? ಮಂಡನಮಿಶ್ರರ ಪತ್ನಿ ಉಭಯಭಾರತಿ ಗೃಹಸ್ಥರ ಸಂಗತಿಗಳನ್ನು ಕುರಿತು ಪ್ರಶ್ನೆ ಹಾಕಿದಾಗ, ಸಂನ್ಯಾಸಿಗಳಾದ ಆಚಾರ್ಯರು ಕಾಲಾವಕಾಶ ಬೇಡಿ, ಆಗತಾನೆ ಸತ್ತ ಅಮರುಕ ರಾಜನ ಒಡಲನ್ನು ಹೊಕ್ಕರಂತೆ. ತಮ್ಮ ದೇಹವನ್ನು ಗುಹೆಯಲ್ಲಿರಿಸಿ ಶಿಷ್ಯರನ್ನು ಕಾವಲಿಗಿಟ್ಟರು. ರಾಜನ ನಡತೆ ಇದ್ದಕ್ಕಿದ್ದಂತೆ ಉತ್ತಮವಾದುದನ್ನು ಕಂಡು ಮಂತ್ರಿಗಳಿಗೆ ಸಂಶಯ ಬಂದಿತು. ಯಾವನೋ ಮಹಾತ್ಮ ಬಂದಿದ್ದಾನೆ, ಅವನು ಇಲ್ಲಿಯೇ ಉಳಿಯಲಿ ಎಂದು ರಾಜ್ಯದಲ್ಲಿ ಬಿದ್ದಿರುವ ಹೆಣಗಳನ್ನೆಲ್ಲ ಸುಡಲು ಅಪ್ಪಣೆ ಮಾಡಿದರು. ಶಿಷ್ಯರು ಗಾಯಕರ ವೇಷ ತೊಟ್ಟು ಅರಮನೆಗೆ ಹೋಗಿ, ಹಾಡಿ, ಗುರುವಿಗೆ ಅವರು ಯಾರೆಂಬುದನ್ನು ನೆನಪಿಸಿದರು. ಗುರು ಮರಳಿದಾಗ ದೇಹಕ್ಕೆ ಬೆಂಕಿ ತಾಗಿತ್ತೆಂದು ಮಾಧವೀಯ ಶಂಕರವಿಜಯದ ಕಥೆ.

ಈಗ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಆಚಾರ್ಯರಿಗೆ ಶಿಷ್ಯರ ಹಾಡು. ಇಂಗ್ಲಿಷ್ ಚಿತ್ರದಲ್ಲಿ ಮಗನನ್ನು ಹುಡುಕಲು ಕತ್ತಲೆಯ ಲೋಕಕ್ಕೆ ಇಳಿದ ತಂದೆಗೆ, ಇತ್ತ ಮಂಚದ ಪಕ್ಕದಲ್ಲಿ ಕುಳಿತವರ ಕೂಗು. ಕನ್ನಡ ಚಿತ್ರದಲ್ಲಿ ಗಂಡನಿಗೆ ಹೆಂಡತಿಯ ಹಟ. ಹೋದ ಜೀವ ತಾನಾಗಿ ಬರುವುದಿಲ್ಲ. ಒಡಲನ್ನು ಕಾಯುವವರಿರಬೇಕು, ಪರಿಚಿತವಾದ ಒಂದು ದನಿ ಕರೆಯಬೇಕು. ಕಥೆಯ ಜೀವಾಳ ದೆವ್ವದಲ್ಲಿಲ್ಲ, ಈ ಕಾವಲಿನಲ್ಲಿದೆ.

ನಾನು ಬೆಚ್ಚಿದ ಕಾರಣವನ್ನು ಈಗ ಹೇಳಬೇಕು. ಊರಿನಿಂದ ಹೊಸದಾಗಿ ಬಂದು ಹಗಲು ಕೋಟೆಯಲ್ಲಿ ಗುಮಾಸ್ತಗಿರಿ, ಸಂಜೆ ರಾತ್ರಿಶಾಲೆ ಎಂದು ಓಡಾಡುತ್ತಿದ್ದ ಕಾಲ. ಒಂದು ಚಾಳಿನ ಕೋಣೆಯಲ್ಲಿ ಐದು ಮಂದಿ ಮಲಗುತ್ತಿದ್ದೆವು. ನಿದ್ದೆ ನಾಲ್ಕು ತಾಸು ದಕ್ಕಿದರೆ ಪುಣ್ಯ. ಒಂದು ಬೆಳಗಿನ ಜಾವ ಎಚ್ಚರಾಯಿತು, ಕೈಕಾಲು ಅಲ್ಲಾಡಲಿಲ್ಲ. ಎದೆಯ ಮೇಲೆ ಯಾರೋ ಕುಳಿತಂತೆ ಭಾರ. ಮರುಗಳಿಗೆಗೆ ನಾನು ಅಟ್ಟದ ಮಟ್ಟದಲ್ಲಿ ತೇಲುತ್ತಿದ್ದೇನೆ. ಕೆಳಗೆ ಚಾಪೆಯ ಮೇಲೆ ಬಾಯಿ ತೆರೆದು ಬಿದ್ದಿರುವವನು ನಾನೇ! ಕೂಗಿದರೆ ದನಿ ಹೊರಡದು. ಅಷ್ಟರಲ್ಲಿ ಹೋಟೆಲಿನ ಕೆಲಸ ಮುಗಿಸಿ ಬಂದ ನಮ್ಮೂರ ಗೆಳೆಯ ನನ್ನ ಗೊರಗೊರ ಸದ್ದು ಕೇಳಿ, ಭುಜ ಅಲುಗಿಸಿ, ಮನೆಯಲ್ಲಿ ಮಾತ್ರ ಕರೆಯುವ ಹೆಸರಿನಿಂದ ನನ್ನನ್ನು ಕರೆದ. ಥಟ್ಟನೆ ಮೈಗೆ ಬಂದೆ. ಆ ಹೆಸರನ್ನು ಮುಂಬಯಿಯಲ್ಲಿ ಬಲ್ಲವನು ಅವನೊಬ್ಬನೇ.

ಇದನ್ನು ವಿಜ್ಞಾನವು ಹೇಗೆ ಬಿಡಿಸುತ್ತದೆಂಬುದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಕೈಕಾಲುಗಳ ಸ್ನಾಯುಗಳನ್ನು ಸಡಿಲಬಿಟ್ಟು ಕಟ್ಟಿಹಾಕುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡಿದವನು ನಿಜವಾಗಿಯೂ ಎದ್ದು ಓಡಿಯಾನು. ಮನಸ್ಸು ಎಚ್ಚತ್ತು ಆ ಕಟ್ಟು ಇನ್ನೂ ಬಿಚ್ಚದಿದ್ದರೆ ಈ ಅವಸ್ಥೆ. ನಿದ್ದೆಗೆಟ್ಟವರಲ್ಲಿ ಇದು ಹೆಚ್ಚು. ಇನ್ನು ಮೇಲೆ ತೇಲುವ ಅನುಭವ: ೨೦೦೨ರಲ್ಲಿ ಜಿನೀವಾದ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಅಪಸ್ಮಾರದ ರೋಗಿಯೊಬ್ಬಳ ಮಿದುಳಿನ ಬಲಬದಿಯ ಒಂದು ಸಣ್ಣ ಜಾಗವನ್ನು ವಿದ್ಯುತ್ತಿನಿಂದ ಮುಟ್ಟಿದಾಗ, ತಾನು ಮೇಲೆ ತೇಲುತ್ತ ಹಾಸಿಗೆಯ ಮೇಲಿನ ತನ್ನನ್ನೇ ನೋಡುತ್ತಿರುವುದಾಗಿ ಆಕೆ ಹೇಳಿದಳು. ಕಣ್ಣು, ಕಿವಿಯೊಳಗಿನ ಸಮತೋಲ, ಮೈಯ ಸ್ಪರ್ಶ, ಇವುಗಳ ವರದಿಗಳನ್ನು ಜೋಡಿಸಿ "ನಾನು ಇಲ್ಲಿದ್ದೇನೆ" ಎಂದು ಲೆಕ್ಕ ಹಾಕುವ ಜಾಗವದು. ಲೆಕ್ಕ ತಪ್ಪಿದರೆ 'ನಾನು' ಅಟ್ಟವೇರುತ್ತದೆ.

ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅದೇ ಚಾಳಿನಲ್ಲಿ ಕನ್ನಡಿಗರದೇ ಇನ್ನೊಂದು ಸಂಸಾರವಿತ್ತು. ಅವರ ಹುಡುಗ ಕೆಲವೊಮ್ಮೆ ಮಾತಿನ ನಡುವೆ ದೃಷ್ಟಿ ನೆಟ್ಟು ಕಲ್ಲಾಗುವನು; ಬಾಯಿ ಚಪ್ಪರಿಸುವನು; ಮತ್ತೆ ಎಚ್ಚತ್ತು "ನಾನು ಎಲ್ಲಿಗೋ ಹೋಗಿದ್ದೆ" ಎನ್ನುವನು. ಎಲ್ಲರೂ ದೆವ್ವದ ಚಿತ್ರ ನೋಡಿದವರೇ. ನಾನೂ ಸೇರಿ ಎಲ್ಲರೂ ತಲೆಯಾಡಿಸಿದೆವು. ತಾಯತ ಬಂದಿತು, ಮಂತ್ರವಾದಿ ಬಂದ, ಊರಿಗೆ ಎರಡು ಯಾತ್ರೆಯಾಯಿತು. ಒಂದು ವರುಷದ ಮೇಲೆ ಒಬ್ಬ ಶಾಲಾಶಿಕ್ಷಕಿಯ ಒತ್ತಾಯದಿಂದ ಆಸ್ಪತ್ರೆಗೆ ಕರೆದೊಯ್ದಾಗ ಅದು ಅಪಸ್ಮಾರವೆಂದು ತಿಳಿಯಿತು. ಗುಳಿಗೆಗಳಿಂದ ಹುಡುಗ ಹತೋಟಿಗೆ ಬಂದ. ಆದರೆ ಶಾಲೆಯ ಆ ಒಂದು ವರುಷ ಹೋಯಿತು. "ಮೈಮೇಲೆ ಬರುವ ಹುಡುಗ" ಎಂಬ ಹೆಸರಂತೂ ಅವನು ಚಾಳು ಬಿಡುವವರೆಗೂ ಹೋಗಲಿಲ್ಲ. ತಲೆಯಾಡಿಸಿದವರಲ್ಲಿ ನಾನೊಬ್ಬನೆಂಬುದು ಇಂದಿಗೂ ನನಗೆ ಚುಚ್ಚುತ್ತದೆ.

ಆದುದರಿಂದ, ಬಂಧುಗಳೇ, ಚಿತ್ರಗಳನ್ನು ಅವಶ್ಯವಾಗಿ ನೋಡಿ, ಮಕ್ಕಳೊಡನೆ ಕುಳಿತು ನೋಡಿ, ಹೆದರಿ, ನಗಿ. ಆದರೆ ಮನೆಯಲ್ಲಿ ಯಾರಾದರೂ ಹೀಗೆ ಆಗಾಗ ಮೈಮರೆತರೆ ಮೊದಲು ವೈದ್ಯರಲ್ಲಿಗೆ ಹೋಗಿ. ದೇವರಿಗೆ ಹರಕೆ ಹೊರುವುದಿದ್ದರೆ ಅದೂ ಜೊತೆಗಿರಲಿ, ಬದಲಿಗಲ್ಲ. ಮೂರ್ಛೆ ಬಂದವನ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಅದುಮಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಗಡಿಯಾರ ನೋಡಿ; ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎಚ್ಚರಾಗುವವರೆಗೆ ಪಕ್ಕದಲ್ಲಿಯೇ ಇರಿ. ಕಣ್ಣು ತೆರೆದಾಗ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ.

ಶಿಷ್ಯರು ಗುಹೆಯಲ್ಲಿ ಮಾಡಿದ್ದು ಈ ಕಾವಲನ್ನೇ. ನನ್ನ ಗೆಳೆಯ ಆ ಬೆಳಗಿನ ಜಾವ ಮಾಡಿದ್ದೂ ಇದನ್ನೇ. ಅವನು ಊರಿಗೆ ಮರಳಿ ಬಹಳ ವರುಷಗಳಾದವು. ಚಿತ್ರ ಮುಗಿದ ಆ ರಾತ್ರಿ ಅವನಿಗೆ ದೂರವಾಣಿ ಮಾಡಿದೆ. ನಾನು ಯಾರೆಂದು ಹೇಳುವ ಮುಂಚೆಯೇ ಅತ್ತಲಿಂದ ಆ ಹಳೆಯ ಹೆಸರು ಕೇಳಿಬಂತು.