ಮನೆಗೆ ಮೊದಲ ಹಕ್ಕಿ: ತರುವ ಮುಂಚೆ ತಿಳಿಯಬೇಕಾದ ವಿಜ್ಞಾನ

ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದಿಬ್ಬರು ಮಕ್ಕಳಾದರೂ ಕೇಳುತ್ತಾರೆ: “ಸರ್, ಮನ್ಯಾಗ ಹಕ್ಕಿ ಸಾಕಬೇಕಂತ ಮಾಡೀವ್ರಿ, ಯಾವುದು ತರೋಣ್ರಿ?” ಕೆಲವು ಸಲ ಪಾಲಕರೂ ಕೇಳುವುದುಂಟು. ಅಂಗಡಿಯವರ ಉತ್ತರ ಸುಲಭ: “ಕಾಳು ಹಾಕ್ರಿ, ನೀರಿಡ್ರಿ, ಮತ್ತೇನಿಲ್ಲ.” ತಿಂಗಳು ತುಂಬುವುದರೊಳಗೆ ಹಕ್ಕಿ ಸತ್ತರೆ ಮನೆಯವರು “ಅದರ ಆಯುಷ್ಯ ಅಷ್ಟೇ ಇತ್ತು” ಅಂದು ಸುಮ್ಮನಾಗುತ್ತಾರೆ. ಆದರೆ ಸರಿಯಾಗಿ ಸಾಕಿದ ಬಜರಿಗರ್ ಹಕ್ಕಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಅಷ್ಟು ಬೇಗ ಸತ್ತರೆ ಕಾರಣ ಹುಡುಕಬೇಕು. ಆ ಕಾರಣ ಹೆಚ್ಚಾಗಿ ನಾವೇ ತರಗತಿಯಲ್ಲಿ ಕಲಿಸುವ ಉಸಿರಾಟ, ಆಹಾರ, ದೇಹದ ಉಷ್ಣತೆಯ ಪಾಠಗಳಲ್ಲೇ ಸಿಗುತ್ತದೆ.

ಮೊದಲು ಗಿಳಿಯ ವಿಷಯ ಮುಗಿಸೋಣ. “ಹಕ್ಕಿ ಸಾಕುವುದು” ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಕೆಂಪು ಕೊಕ್ಕಿನ, ಕೊರಳಪಟ್ಟಿಯ ನಮ್ಮ ಹಸಿರು ಗಿಳಿ. ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾಡು ಮೈನಾ, ರಾಟವಾಳಕ್ಕೂ ಇದೇ ಮಾತು. ರಾಟವಾಳದಂಥ ಪುಟ್ಟ ಹಕ್ಕಿಗಳಿಗೆ ಹಸಿರು ಬಣ್ಣ ಬಳಿದು “ವಿದೇಶಿ ಹಕ್ಕಿ” ಎಂದು ಮಾರುವವರೂ ಇದ್ದಾರೆ, ಮೋಸ ಹೋಗಬೇಡಿ. ಇದು ಕೇಂದ್ರದ ಕಾಯ್ದೆ. ಆದ್ದರಿಂದ ನಾವು ಅಕ್ಕಲಕೋಟೆಯಲ್ಲಿದ್ದರೂ, ನೀವು ಕಾಸರಗೋಡು, ತಾಳವಾಡಿ, ಆದೋನಿಯಲ್ಲಿದ್ದರೂ ಒಂದೇ. “ನಮ್ಮಜ್ಜನ ಕಾಲದಿಂದ ಸಾಕ್ತೀವಿ” ಎಂಬುದು ಕಾನೂನಿನ ಮುಂದೆ ನಡೆಯುವುದಿಲ್ಲ.

ಮನೆಯಲ್ಲಿ ಈಗಾಗಲೇ ಗಿಳಿ ಇದ್ದರೆ ಈ ಲೇಖನ ಓದಿ ಅವಸರದಲ್ಲಿ ಪಂಜರದ ಬಾಗಿಲು ತೆರೆಯಬೇಡಿ. ರೆಕ್ಕೆ ಕತ್ತರಿಸಿದ, ಮನುಷ್ಯರ ಕೈಯಲ್ಲೇ ತಿಂದು ಬೆಳೆದ ಗಿಳಿ ಹೊರಗೆ ಹೋದರೆ ಕಾಗೆಗೋ ಬೆಕ್ಕಿಗೋ ಆಹಾರವಾದೀತು. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ದಾರಿ.

ಹಾಗಾದರೆ ಯಾವುದು ತರಬೇಕು? ನನ್ನ ಉತ್ತರ: ಬಜರಿಗರ್. ಚುಟುಕಾಗಿ ಬಜಿ (ತಿನ್ನುವ ಭಜಿ ಅಲ್ಲ). ನಮ್ಮ ಅಂಗಡಿಗಳಲ್ಲಿ ಇದನ್ನೇ “ಲವ್ ಬರ್ಡ್ಸ್” ಎಂದು ಕೊಡುತ್ತಾರೆ. ನಿಜವಾದ ಲವ್ ಬರ್ಡ್ ಬೇರೆ. ಅದು ಆಫ್ರಿಕಾದ ಹಕ್ಕಿ, ಇನ್ನೂ ದಪ್ಪ, ಗದ್ದಲ ಜಾಸ್ತಿ, ಕಚ್ಚುವುದೂ ಜಾಸ್ತಿ. ಬಜಿಯ ತವರು ಆಸ್ಟ್ರೇಲಿಯಾದ ಒಣನಾಡು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಜಿಗಳನ್ನು ಇಂಗ್ಲೆಂಡಿಗೆ ಒಯ್ದ. ಈಗ ನಮ್ಮಲ್ಲಿ ಸಿಗುವವೆಲ್ಲ ಪಂಜರದಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದವು. ಕಾಕಟೀಲ್ ಕೂಡ ಒಳ್ಳೆಯ ಹಕ್ಕಿ, ಆದರೆ ಅದು ಹದಿನೈದು ವರ್ಷ ದಾಟಿ ಬದುಕಬಲ್ಲದು. ಏಳನೇ ತರಗತಿಯ ಹುಡುಗ ತಂದದ್ದನ್ನು ಅವನ ಮದುವೆಯವರೆಗೂ ಅವ್ವನೇ ನೋಡಿಕೊಳ್ಳಬೇಕಾದೀತು.

ಕೊಳ್ಳುವಾಗ ಹಣೆ ನೋಡಿ. ಮರಿ ಬಜಿಯ ಹಣೆಯ ಮೇಲೆ ಕೊಕ್ಕಿನವರೆಗೂ ಗೆರೆಗಳಿರುತ್ತವೆ. ಮೂರು–ನಾಲ್ಕು ತಿಂಗಳಿಗೆ ಪುಕ್ಕ ಉದುರಿ ಹೊಸದು ಬಂದಾಗ ಗೆರೆ ಹೋಗಿ ಹಣೆ ಬಯಲಾಗುತ್ತದೆ. ಕೊಕ್ಕಿನ ಮೇಲಿನ ಮೆತ್ತನೆಯ ಭಾಗ ಬೆಳೆದ ಗಂಡಿನಲ್ಲಿ ನೀಲಿ, ಹೆಣ್ಣಿನಲ್ಲಿ ಕಂದು. ಕೆಲವು ಬಣ್ಣದ ತಳಿಗಳಲ್ಲಿ ಮಾತ್ರ ಈ ಗುರುತು ನಡೆಯದು. ಇವು ಹಿಂಡಿನ ಜೀವಿಗಳು, ಒಂಟಿಯಾಗಿಡುವುದಕ್ಕಿಂತ ಎರಡು ತರುವುದು ವಾಸಿ. ಆದರೆ ಪಂಜರಕ್ಕೆ ಗಡಿಗೆ ಕಟ್ಟಬೇಡಿ. ಗಡಿಗೆ ಕಂಡರೆ ಜೋಡಿ ಗೂಡು ಎಂದುಕೊಂಡು ಮೊಟ್ಟೆಯಿಡುತ್ತದೆ. ಹದಿನೆಂಟು ದಿನಕ್ಕೆ ಮರಿ, ಆಮೇಲೆ ಮತ್ತೆ ಮೊಟ್ಟೆ. ಹೆಣ್ಣುಹಕ್ಕಿ ಸೊರಗಿಹೋಗುತ್ತದೆ.

ಈಗ ಮುಖ್ಯ ವಿಷಯ, ಉಸಿರಾಟ. ನಮ್ಮ ಶ್ವಾಸಕೋಶಕ್ಕೆ ಗಾಳಿ ಹೋದ ದಾರಿಯಲ್ಲೇ ಹೊರಬರುತ್ತದೆ. ಹಕ್ಕಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳಿವೆ, ಸಾಮಾನ್ಯವಾಗಿ ಒಂಬತ್ತು. ಒಳಗೆಳೆದ ಗಾಳಿಯ ಬಹುಪಾಲು ಮೊದಲು ಹಿಂದಿನ ಚೀಲಗಳಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ಆಮೇಲೆ ಮುಂದಿನ ಚೀಲಗಳಿಗೆ ಹೋಗಿ ಹೊರಬೀಳುತ್ತದೆ. ಅಂದರೆ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಆಮ್ಲಜನಕ ಸಿಗುತ್ತಿರುತ್ತದೆ. ಹಾರುವುದಕ್ಕೆ ಇದು ಅದ್ಭುತ ಏರ್ಪಾಡು. ಆದರೆ ಆಮ್ಲಜನಕವನ್ನು ಅಷ್ಟು ಚುರುಕಾಗಿ ಹೀರುವ ಅಂಗ ವಿಷಾನಿಲವನ್ನೂ ಅಷ್ಟೇ ಚುರುಕಾಗಿ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದು ಇದೇ ಕಾರಣಕ್ಕೆ. ಕಾರ್ಬನ್ ಮಾನಾಕ್ಸೈಡ್ ಇದ್ದರೆ ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು.

ಈಗ ನಿಮ್ಮ ಮನೆ ನೋಡಿಕೊಳ್ಳಿ. ಸೊಳ್ಳೆ ಬತ್ತಿ, ಊದುಬತ್ತಿ, ಲೋಬಾನದ ಹೊಗೆ, ಬೀಡಿ, ಒಗ್ಗರಣೆಯ ಘಾಟು, ಸೊಳ್ಳೆಗೆ ಹೊಡೆಯುವ ಸ್ಪ್ರೇ. ಇವುಗಳಲ್ಲಿ ಯಾವುದೂ ಪಂಜರದ ಹತ್ತಿರ ಬರಬಾರದು. ಎಲ್ಲಕ್ಕಿಂತ ಅಪಾಯ ನಾನ್‌ಸ್ಟಿಕ್ ತವಾ. ಅದನ್ನು ಖಾಲಿ ಒಲೆಯ ಮೇಲೆ ಬಿಟ್ಟು ಮರೆತರೆ ಅತಿಯಾಗಿ ಕಾದ ಲೇಪನದಿಂದ ಹೊರಡುವ ಅನಿಲ ನಮಗೆ ಗೊತ್ತೇ ಆಗದಿದ್ದರೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಒಂದೇ ಕೋಣೆಯಲ್ಲಿ ಅಡುಗೆ, ವಾಸ ಎರಡೂ ಇರುವ ಮನೆಯಾದರೆ ಹಕ್ಕಿ ತರಬೇಡಿ ಅಂತಲೇ ನಾನು ಹೇಳುತ್ತೇನೆ.

ಎರಡನೆಯದು ಬಿಸಿಲು. “ಒಣನಾಡಿನ ಹಕ್ಕಿ ಅಂದ್ಮೇಲೆ ನಮ್ಮ ಸೊಲ್ಲಾಪುರದ ಬ್ಯಾಸಗಿ ಏನ್ ಮಾಡ್ತದ್ರಿ?” ಅಂತ ಕೇಳಬಹುದು. ಹಕ್ಕಿಗೆ ಬೆವರು ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿ ಶಾಖ ಕಳೆಯಬೇಕು. ಅದರ ದೇಹದ ಉಷ್ಣತೆಯೇ ಸುಮಾರು 41 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ ಕಾದರೆ ಶಾಖ ಹೋಗುವುದೆಲ್ಲಿಗೆ? ಕಾಡಿನ ಬಜಿ ಮಧ್ಯಾಹ್ನ ಮರದ ನೆರಳಿಗೆ ಹೋಗಿ ಅಲುಗಾಡದೆ ಕೂರುತ್ತದೆ. ತಗಡಿನ ಮಾಡಿನ ಕೆಳಗೆ ತೂಗುಹಾಕಿದ ಪಂಜರದಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ. ಏಪ್ರಿಲ್–ಮೇನಲ್ಲಿ ಪಂಜರ ಮನೆಯ ಅತಿ ತಂಪು ಮೂಲೆಯಲ್ಲಿರಲಿ, ನೀರನ್ನು ದಿನಕ್ಕೆರಡು ಸಲ ಬದಲಿಸಿ, ಸ್ನಾನಕ್ಕೆ ಅಗಲ ತಟ್ಟೆಯಲ್ಲಿ ನೀರಿಡಿ. ರಜೆಯಲ್ಲಿ ಊರಿಗೆ ಹೋಗುವವರು ಹಕ್ಕಿ ಯಾರ ಮನೆಯಲ್ಲಿರುತ್ತದೆ ಎಂಬುದನ್ನು ಕೊಳ್ಳುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಆಹಾರ ನಮಗೆ ದೂರದ್ದಲ್ಲ. ಅಂಗಡಿಯಲ್ಲಿ “ಕಂಗ್ನಿ” ಎಂದು ಪೊಟ್ಟಣ ಕಟ್ಟಿ ಕೊಡುವುದು ನಮ್ಮ ನವಣೆಯೇ. ಮರಾಠಿಯವರು ರಾಳೆ ಅನ್ನುತ್ತಾರೆ, ತೆಲುಗಿನವರು ಕೊರ್ರ. ಸಿಪ್ಪೆಸಹಿತ ನವಣೆ, ಸ್ವಲ್ಪ ಸಜ್ಜೆ, ಜೊತೆಗೆ ತೊಳೆದ ಕೊತ್ತಂಬರಿ, ಮೆಂತೆ ಸೊಪ್ಪು, ತುರಿದ ಗಜ್ಜರಿ. ಬರೀ ಕಾಳು ಹಾಕಿದರೆ ವಿಟಮಿನ್ ಎ ಕೊರತೆಯಾಗುತ್ತದೆ. ಒಂದು ಬಜಿಗೆ ದಿನಕ್ಕೆ ಸುಮಾರು ಎರಡು ಟೀ ಚಮಚ ಕಾಳು ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಬಜಿ ಕಾಳಿನ ಸಿಪ್ಪೆ ಸುಲಿದು, ಸಿಪ್ಪೆಯನ್ನು ಬಟ್ಟಲಲ್ಲೇ ಬಿಡುತ್ತದೆ. ನೋಡುವವರಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ತುಂಬಿದ ಬಟ್ಟಲಿನ ಮುಂದೆ ಹಕ್ಕಿ ಹಸಿದು ಸಾಯುವುದು ಹೀಗೆ. ದಿನಾ ಬೆಳಿಗ್ಗೆ ಹೊಟ್ಟು ಊದಿ ನೋಡುವ ಕೆಲಸವನ್ನು ಒಬ್ಬರಿಗೇ ವಹಿಸಿ.

ಕರಾವಳಿಯ ತೇವದಲ್ಲಿ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಅಂಥದ್ದನ್ನು ಬಿಸಿಲಿಗೆ ಹಾಕಿಯೂ ಕೊಡಬೇಡಿ. ವಯನಾಡು, ನೀಲಗಿರಿಯ ಬಂಧುಗಳು ಇನ್ನೊಂದನ್ನು ಗಮನಿಸಬೇಕು: ಹಿತ್ತಿಲಲ್ಲಿ ಬೆಳೆಯುವ ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ. ಚಾಕೊಲೇಟ್, ಚಹಾ, ಉಪ್ಪು ಹಾಕಿದ ತಿಂಡಿಯೂ ಬೇಡ. ಸುಣ್ಣಾಂಶಕ್ಕೆ ಗ್ರಂಧಿಗೆ ಅಂಗಡಿಯ “ಸಮುದ್ರ ನೊರೆ” ಒಳ್ಳೆಯದು. ಹೆಸರಿಗೆ ನೊರೆ, ನಿಜದಲ್ಲಿ ಅದು ಕಟಲ್‌ಫಿಶ್ ಎಂಬ ಮೃದ್ವಂಗಿಯ ಒಳಚಿಪ್ಪು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್.

ಪಂಜರ ಎತ್ತರಕ್ಕಿಂತ ಉದ್ದವಾಗಿರಲಿ, ಹಕ್ಕಿ ಮೇಲಕ್ಕಿಂತ ಅಡ್ಡಕ್ಕೆ ಹಾರುತ್ತದೆ. ಜೋಡಿಗೆ ಕನಿಷ್ಠ ಎರಡು ಅಡಿ ಉದ್ದ, ಸರಳುಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಬಿಡುವು ಬೇಡ. ಕೂರಲು ಬೇವಿನ, ಪೇರಲದ ಕೊಂಬೆಗಳು ದಪ್ಪ–ಸಣ್ಣ ಬೇರೆಬೇರೆ ಇರಲಿ. ಕಣಗಿಲೆ ಕೊಂಬೆ ಮಾತ್ರ ಬೇಡ, ಅದು ವಿಷ. ರಾತ್ರಿ ಹತ್ತು–ಹನ್ನೆರಡು ತಾಸು ಕತ್ತಲು ಬೇಕು, ಟಿವಿ ಮುಂದೆ ಪಂಜರ ಇಡಬೇಡಿ. ಹಿಕ್ಕೆಯ ಧೂಳಿನಿಂದ ಸಿಟಾಕೋಸಿಸ್ ಎಂಬ ಸೋಂಕು ಮನುಷ್ಯರಿಗೂ ಬರಬಹುದು. ತಳದ ಪೇಪರನ್ನು ದಿನಾ ಬದಲಿಸಿ ಕೈ ತೊಳೆಯಬೇಕು, ಮನೆಯಲ್ಲಿ ಅಸ್ತಮಾ ಇದ್ದವರಿದ್ದರೆ ವೈದ್ಯರನ್ನು ಕೇಳಿಯೇ ತರಬೇಕು.

ಕೊನೆಯದಾಗಿ ತೂಕ. ಬೇಟೆಗೆ ಬೀಳುವ ಜೀವಿ ತನ್ನ ಕಾಯಿಲೆ ತೋರಿಸಿಕೊಳ್ಳುವುದಿಲ್ಲ. ಬಜಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿದೆ ಅಂದರೆ ಆಗಲೇ ತಡವಾಗಿದೆ. ತೂಕ ಅದಕ್ಕೂ ಮೊದಲೇ ಇಳಿಯುತ್ತದೆ. ಬೆಳೆದ ಬಜಿ 30–40 ಗ್ರಾಂ ಇರುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯ ಮೇಲೆ ಡಬ್ಬಿಯಿಟ್ಟು ವಾರಕ್ಕೊಮ್ಮೆ ತೂಗಿ, ಮಕ್ಕಳು ಗ್ರಾಫ್ ಹಾಳೆಯಲ್ಲಿ ಬರೆಯಲಿ. 36 ಇದ್ದದ್ದು 32ಕ್ಕೆ ಬಂದರೆ ಅದೇ ದಿನ ಪಶುವೈದ್ಯರ ಬಳಿ ಹೋಗಬೇಕು. ನಮ್ಮ ತಾಲೂಕುಗಳ ದವಾಖಾನೆಗೆ ಬರುವುದು ಹೆಚ್ಚಾಗಿ ಎಮ್ಮೆ, ಆಡು. ಆದ್ದರಿಂದ ಹಕ್ಕಿ ನೋಡುವ ಡಾಕ್ಟರು ಎಲ್ಲಿದ್ದಾರೆ ಎಂದು ಮೊದಲೇ ವಿಚಾರಿಸಿಡಿ. ತಂದ ಮೊದಲ ವಾರ ಕೈಹಾಕದೆ ಬಿಡಿ. ಹೊರಗೆ ಬಿಡುವ ದಿನ ಕಿಟಕಿ ಮುಚ್ಚಿ, ಅದಕ್ಕೂ ಮೊದಲು ಮೇಲಿನ ಫ್ಯಾನ್ ಆರಿಸಿ, ರೆಕ್ಕೆ ಪೂರ್ತಿ ನಿಂತಮೇಲೆ ಪಂಜರದ ಬಾಗಿಲು ತೆರೆಯಿರಿ.